ಕುರಿಗೆ ಸೆಲ್ಲಿಲ್ಲದ ಬೆಲ್ಟು

ಮಧುಗಿರಿಯಿಂದ ಪಾವಗಡದ ಕಡೆಗೆ ಬೈಕು ತಿರುಗಿಸಿದ ದಿನ ನಾನು ಪೆಚ್ಚಾಗದೆ ಮನೆಗೆ ಬಂದದ್ದೇ ಇಲ್ಲ. ನನ್ನ ಕೆಲಸ ಕುರಿಗಳ ಕೊರಳಿಗೆ ಬೆಲ್ಟು ಕಟ್ಟುವುದು. ಕುರಿ ನಡೆಯುತ್ತಿದೆಯೋ, ಕಾಯಿಲೆ ಬಿದ್ದು ಮಲಗಿದೆಯೋ ಎಂದು ಆ ಬೆಲ್ಟು ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಕಂಪನಿಯವರು ನನ್ನನ್ನು ತಜ್ಞ ಎನ್ನುತ್ತಾರೆ. ವಳ್ಳೂರಿನ ಕುರಿ ಅಜ್ಜಿಯ ಮುಂದೆ ಮಾತ್ರ ನಾನು ಆ ಮಾತು ಎತ್ತುವುದಿಲ್ಲ.

ಚೀಲ

ಮೊದಲ ಬೆಲ್ಟುಗಳಲ್ಲಿ ಸೆಲ್ಲು ಇತ್ತು. ಹೊಸದು ಹಾಕಿ, ಖಾಲಿಯಾದದ್ದನ್ನು ಅಲ್ಲೇ ನೀರಿನ ಕಟ್ಟೆಯ ದಂಡೆಗೆ ಎಸೆದು ಬರುತ್ತಿದ್ದೆ. ಒಂದು ದಿನ ಅಜ್ಜಿ ಚೀಲವೊಂದನ್ನು ತಂದು ನನ್ನ ಬೈಕಿಗೆ ಕಟ್ಟಿದಳು. ಕಡಲೆಕಾಯಿ ಇರಬೇಕೆಂದು ಹಿಗ್ಗಿಹೋದೆ.

"ಯಾಕಜ್ಜಿ ಇದೆಲ್ಲಾ?"

"ಏಮಪ್ಪಾ, ನೀನು ಎಸ್ದಿರೋ ಸೆಲ್ಲು ಕಣಪ್ಪಾ. ಒಂದೂ ಬುಡ್ದಂಗೆ ಆರ್ಸಿದೀನಿ. ಮಳೆ ಬಂದ್ರೆ ಇದ್ರ ರಸ ಕಟ್ಟೆಗೆ ಹೋಗ್ತೈತೆ. ನನ್ ಕುರಿ ಕುಡಿಯೋದು ಅದೇ ನೀರು."

ಚೀಲವನ್ನು ಒಯ್ದು ಶಿರಾ ಆಫೀಸಿನಲ್ಲಿ ಸಾಹೇಬರ ಮೇಜಿನ ಮೇಲಿಟ್ಟೆ. ಪರಿಸರ ಕಾಳಜಿಗೆಂದು ನನಗೆ ಶಾಲು ಹೊದಿಸಿದರು. ಈ ವಿಷಯ ಅಜ್ಜಿಗೆ ಇವತ್ತಿಗೂ ಹೇಳಿಲ್ಲ.

ನೆರಳು

ಆಮೇಲೆ ಬಿಸಿಲಿನಿಂದಲೇ ಚಾರ್ಜಾಗುವ ಬೆಲ್ಟು ಬಂತು. ಬೆಂಕಿಪೊಟ್ಟಣದಷ್ಟು ಸೋಲಾರ್ ಪ್ಲೇಟು. ಮೂರನೇ ದಿನಕ್ಕೆ ಅಷ್ಟೂ ಬಂದ್.

ಸಾಹೇಬರು ಫೋನಿನಲ್ಲಿ ಕೂಗಾಡಿದರು: "ಏನಯ್ಯಾ, ಊರಿಗೆಲ್ಲ ಕರೆಂಟು ಕೊಡೋ ಜಾಗದಲ್ಲಿ ಬಿಸಿಲಿಲ್ವಾ?"

ಹೋಗಿ ನೋಡಿದೆ. ಕುರಿಗಳೆಲ್ಲ ಊರ ಪಕ್ಕದ ಸೋಲಾರ್ ಪಾರ್ಕಿನ ದೊಡ್ಡ ಪ್ಲೇಟುಗಳ ಕೆಳಗೆ ತಂಪಾಗಿ ಮಲಗಿ ಮೆಲುಕು ಹಾಕುತ್ತಿದ್ದವು.

"ಬಿಸ್ಲಲ್ಲಿ ನಿಂತ್ಕಳಾಕೆ ಅವಕ್ಕೇನು ನಿನ್ನಂಗೆ ಸಂಬ್ಳ ಕೊಡ್ತಾರಾ?" ಎಂದಳು ಅಜ್ಜಿ.

ನಡಿಗೆ

ಮೂರನೆಯದು, ಕುರಿ ನಡೆದರೆ ಆ ಅಲುಗಾಟಕ್ಕೇ ಚಾರ್ಜಾಗುವ ಬೆಲ್ಟು. "ಇದರಲ್ಲಿ ಒಂದು ನಿಂತರೂ ಮತ್ತೆ ಸೆಲ್ಲೇ" ಎಂದು ಸಾಹೇಬರು ಕಡ್ಡಿ ಮುರಿದಂತೆ ಹೇಳಿದ್ದರು. ಅದನ್ನು ತಿಳಿಸಿದಾಗ ಅಜ್ಜಿಯ ಮುಖ ಸಣ್ಣಗಾಯಿತು.

ತಿಂಗಳು ಕಳೆದರೂ ಒಂದೂ ನಿಲ್ಲಲಿಲ್ಲ. ಮೊಬೈಲಿನಲ್ಲಿ ನೋಡಿದರೆ ಹನ್ನೊಂದನೇ ನಂಬರಿನ ಕುರಿಯಂತೂ ಉಳಿದವು ಮಲಗಿದಾಗಲೂ ನಡೆಯುತ್ತಲೇ ಇತ್ತು. ಸಾಹೇಬರು ಅದರ ಫೋಟೋ ತೆಗೆಯಲೆಂದೇ ನನ್ನ ಜೊತೆ ವಳ್ಳೂರಿಗೆ ಬಂದರು.

ಅಜ್ಜಿಯ ಮನೆಯೊಳಗೆ ಹನ್ನೊಂದನೇ ಕುರಿ ಕಾಲು ಉಳುಕಿಸಿಕೊಂಡು ಮೂಲೆಯಲ್ಲಿ ಮಲಗಿತ್ತು. ಅದರ ಬೆಲ್ಟನ್ನು ಮೊಮ್ಮಗಳ ತೊಟ್ಟಿಲಿಗೆ ಕಟ್ಟಿ, ಅಜ್ಜಿ ತೂಗುತ್ತಾ ಕೂತಿದ್ದಳು.

"ಇದೊಂದು ನಿಂತ್ರೆ ಮತ್ತೆ ಸೆಲ್ಲು ತರ್ತೀರಲ್ಲಾ ಸಾಮಿ. ಅದ್ಕೇ ಮನೇರೆಲ್ಲಾ ಸರದಿ ಮೇಲೆ ತೂಗ್ತಾ ಇದೀವಿ. ಕಟ್ಟೆ ನೀರು ಉಳೀಬೇಕಲ್ಲಾ."

ನನ್ನ ಕಣ್ಣು ತುಂಬಿತು. ಇವಳ ಕಟ್ಟೆಗೆ ಸೆಲ್ಲು ಎಸೆದವನು ನಾನೇ ಎಂದು ನಾಚಿಕೆಯಾಯಿತು. ಸಾಹೇಬರು ಫೋಟೋ ತೆಗೆಯುವುದನ್ನು ಬಿಟ್ಟು, "ಇನ್ಮೇಲೆ ಸೆಲ್ಲು ತರಲ್ಲಜ್ಜಿ" ಎಂದರು. ಆ ಭರದಲ್ಲಿ ತೊಟ್ಟಿಲ ಹಗ್ಗ ತಾವೇ ಹಿಡಿದು ಜೋರಾಗಿ ತೂಗತೊಡಗಿದರು. ನನ್ನ ಜೇಬಿನ ಮೊಬೈಲು ಕಿರುಚಿಕೊಂಡಿತು: ಹನ್ನೊಂದನೇ ಕುರಿ ಪ್ರಾಣಭಯದಿಂದ ಓಡುತ್ತಿದೆಯಂತೆ.

"ಮೆಲ್ಲಗೆ ತೂಗು ಸಾಮಿ," ಅಜ್ಜಿ ಗದರಿದಳು, "ಅದು ಕುಂಟು ಕುರಿ!"