ಹೆಂಡತಿಯ ತವರಿನ ಗೋಲ್‌ಕೀಪರ್

ತಾನು ಎಂದೂ ಆಡದ ಆಟದ ಬಗ್ಗೆ ಅಭಿಪ್ರಾಯ ಹೇಳುವವನಷ್ಟು ಸುಖಿ ಈ ಲೋಕದಲ್ಲಿ ಇನ್ನೊಬ್ಬನಿಲ್ಲ. ಆಡುವವನಿಗೆ ಮೊಣಕಾಲು ತರಚುತ್ತದೆ, ದಮ್ಮು ಹತ್ತುತ್ತದೆ, ಕೋಚ್ ಬೈಯುತ್ತಾನೆ. ಅಭಿಪ್ರಾಯ ಹೇಳುವವನಿಗೆ ಗಂಟಲು ಸರಿಯಿದ್ದರೆ ಸಾಕು. ನಾನು ಫುಟ್‌ಬಾಲನ್ನು ಜೀವನದಲ್ಲಿ ಒಮ್ಮೆ ಮಾತ್ರ ಒದ್ದಿದ್ದೇನೆ. ಚೆಂಡು ಗಟಾರಕ್ಕೆ ಬಿತ್ತು, ಚಪ್ಪಲಿ ಮಾತ್ರ ನೇರವಾಗಿ ಹುಡುಗರ ಕಡೆಗೆ ಹೋಯಿತು. ಆದರೂ ತೊಂಬತ್ತರ ದಶಕದಲ್ಲಿ ಕೆಲವು ವರ್ಷ, ಧಾರವಾಡದ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಎದುರಾಳಿಯ ಬಲಾಬಲ ಅಳೆದು ಹೇಳುವವನು ನಾನೇ ಆಗಿದ್ದೆ.

ಕಾಲೇಜಿನಲ್ಲಿ ನನ್ನ ಉದ್ಯೋಗ ಟಪಾಲು ಗುಮಾಸ್ತನದು. ಬಂದ ಪತ್ರಕ್ಕೆ ಒಂದು ಶಿಕ್ಕೆ, ಹೋಗುವ ಪತ್ರಕ್ಕೆ ಇನ್ನೊಂದು. ಹನ್ನೆರಡು ವರ್ಷದಲ್ಲಿ ನನ್ನ ಕೈಯಿಂದ ಹೋದ ಒಂದು ಪತ್ರವೂ ತಪ್ಪು ವಿಳಾಸಕ್ಕೆ ಮುಟ್ಟಿಲ್ಲ ಎಂಬ ಹೆಮ್ಮೆ ನನಗಿತ್ತು. ಇಂಥವನನ್ನು ತಂಡದವರು ಯಾಕೆ ಹಚ್ಚಿಕೊಂಡರೆಂದರೆ, ಪ್ರತಿವರ್ಷ ನಮ್ಮ ಎದುರಿಗೆ ನಿಲ್ಲುವುದು ಹುಬ್ಬಳ್ಳಿಯ ಒಂದು ಕಾಲೇಜು, ಆ ತಂಡದ ಕೋಚ್ ನನ್ನ ಹೆಂಡತಿ ಶಾಂತಾಳ ತಮ್ಮ ಶಿವಾನಂದ. ಅವರ ಅಭ್ಯಾಸ ನೋಡಲು ಬೇರೆಯವರು ಹೋದರೆ ಸಂಶಯ ಬಂದೀತು, ಅಳಿಯ ಹೋದರೆ ಯಾರು ಕೇಳುತ್ತಾರೆ ಎಂಬುದು ಹುಡುಗರ ಲೆಕ್ಕ. ಇದಕ್ಕೆ ಪ್ರತಿಯಾಗಿ ಪಂದ್ಯದ ದಿನ ತಂಡದ ಟೆಂಪೋದಲ್ಲಿ ಡ್ರೈವರನ ಪಕ್ಕದ ಜಾಗ ನನ್ನದು. ಸುಳ್ಳು ಯಾಕೆ ಹೇಳಲಿ, ನನಗೆ ಆ ಜಾಗದ ಮೇಲೆ ಬಹಳ ಜೀವ. ಕಾಲೇಜಿನ ಗೇಟಿನಿಂದ ಟೆಂಪೋ ಹೊರಬೀಳುವಾಗ ಕಿಡಕಿಯಲ್ಲಿ ಮೊಣಕೈ ಇಟ್ಟು ಕೂತರೆ, ನಾನೂ ಏನೋ ಆಗಿದ್ದೇನೆ ಅನ್ನಿಸುತ್ತಿತ್ತು.

ತೊಂದರೆ ಏನೆಂದರೆ, ಅಳಿಯನಾದವನು ಬೇಹುಗಾರಿಕೆ ಮಾಡುವುದು ಕಷ್ಟ. ಮೊದಲ ವರ್ಷ ಶಾಂತಾ ಕೊಟ್ಟ ಅಗಸಿ ಚಟ್ನಿಪುಡಿಯ ಡಬ್ಬಿ ಮುಟ್ಟಿಸಲು ಅತ್ತೆಯ ಮನೆಗೆ ಹೋದೆ. ಡಬ್ಬಿ ಕೊಟ್ಟು ಹಾಗೇ ಮೈದಾನಕ್ಕೆ ಹೋಗುವುದು ನನ್ನ ವಿಚಾರ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಳಿಯಾರು ಉಣ್ಣದ ಹೊಂಟ್ರ ಮಂದಿ ಏನ ಅಂದಾರು?" ಅಂದರು. ಉಂಡೆ. ಉಂಡ ಮೇಲೆ ಅಡ್ಡಾಗಲಿಲ್ಲವೆಂದರೆ ಊಟ ಸೇರಲಿಲ್ಲ ಎಂದು ತಿಳಿಯುತ್ತಾರೆ, ಅದಕ್ಕೆ ಅಡ್ಡಾದೆ. ಮೈದಾನ ಮುಟ್ಟುವ ಹೊತ್ತಿಗೆ ಹುಡುಗರು ಬೂಟಿನ ಲೇಸು ಬಿಚ್ಚುತ್ತಿದ್ದರು. ಬರಿಗೈಲಿ ಹೋಗಬಾರದೆಂದು ನೋಟ್‌ಬುಕ್ಕಿನಲ್ಲಿ, 'ಎಲ್ಲರೂ ಬಹಳ ದಣಿದವರಂತೆ ಕಾಣುತ್ತಾರೆ. ಎರಡನೇ ಹಾಫ್‌ನಲ್ಲಿ ಓಡಲಾರರು' ಎಂದು ಬರೆದುಕೊಂಡು ಬಂದೆ. ಪಂದ್ಯದಲ್ಲಿ ಅವರು ಹೊಡೆದ ಮೂರು ಗೋಲೂ ಎರಡನೇ ಹಾಫ್‌ನಲ್ಲೇ ಬಂದವು.

ಮರುವರ್ಷ ಮೈದಾನದ ಗೊಡವೆಗೇ ಹೋಗದೆ, ಊಟಕ್ಕೆ ಕೂತಾಗ ಶಿವಾನಂದನನ್ನೇ ಮಾತಿಗೆ ಎಳೆದೆ. ಅವನು, "ನಮ್ದೇನೈತ್ರಿ ಮಾಮಾ ಈ ಸಲ, ಏನೂ ಇಲ್ಲ" ಅಂದ. ನಾನು ಅದನ್ನೂ ಬರೆದುಕೊಂಡೆ. ಅದೇ ಹೊತ್ತಿಗೆ ಅವನ ತಾಯಿ ಹೋಳಿಗೆ, ಎರಡು ಪಲ್ಯ, ಕೋಸಂಬರಿ, ಭಜಿ ಬಡಿಸುತ್ತ, "ಏನೂ ಮಾಡಿಲ್ರಿ, ಇದ್ದದ್ರಾಗ ಉಣ್ರಿ" ಅನ್ನುತ್ತಿದ್ದರು. ತಾಯಿಯ 'ಏನೂ ಇಲ್ಲ' ಎಲೆಯ ತುಂಬ ಇರುವಾಗ ಮಗನ 'ಏನೂ ಇಲ್ಲ' ಎಂಥದ್ದೆಂದು ತಿಳಿಯಬೇಕಿತ್ತು. ಆದರೆ ಹೋಳಿಗೆಯ ಮುಂದೆ ಕೂತವನಿಗೆ ತರ್ಕ ಹೊಳೆಯುವುದಿಲ್ಲ. ಆ ವರ್ಷ ನಾಲ್ಕು ಗೋಲು.

ಮೂರನೇ ವರ್ಷ ನಮ್ಮ ಕ್ಯಾಪ್ಟನ್ ಬಸವರಾಜ ನನ್ನ ಟೇಬಲ್ಲಿನ ಮುಂದೆ ಬಂದು ನಿಂತ. ಮರ್ಯಾದಸ್ಥ ಹುಡುಗ, ಬಹಳ ಹೊತ್ತು ಶಿಕ್ಕೆಯನ್ನೇ ನೋಡಿದ. ಆಮೇಲೆ, "ಸರ್, ಸಿಟ್ಟಾಗಬ್ಯಾಡ್ರಿ. ಈ ಸಲಾನೂ ನಿಮ್ಮ ಮಾತು ಉಲ್ಟಾ ಆತಂದ್ರ, ಟೆಂಪೋದಾಗ ನಿಮ್ಮ ಜಾಗಾದಾಗ ಚೆಂಡಿನ ಚೀಲಾ ಇಡೂಣು ಅಂತ ಹುಡುಗೂರು ಅನ್ನಾಕತ್ತಾರ್ರಿ" ಅಂದ. ಇದು ನನ್ನ ವರ್ಮಕ್ಕೇ ತಾಗಿತು.

ಅದಕ್ಕೇ ಆ ಸಲ ಅತ್ತೆಯ ಮನೆಯ ಓಣಿಯನ್ನೇ ತಪ್ಪಿಸಿ, ಚಟ್ನಿಪುಡಿಯ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡೇ ಹುಬ್ಬಳ್ಳಿಯ ಮೈದಾನಕ್ಕೆ ಹೋಗಿ ಬೇವಿನ ಮರದ ಹಿಂದೆ ನಿಂತೆ. ಎರಡು ನಿಮಿಷವೂ ಆಗಿರಲಿಲ್ಲ, ಯಾರೋ "ಮಾಮಾ ಬಂದಾರ್ರಿ" ಎಂದು ಕೂಗಿದರು. ಶಿವಾನಂದ ಹಾಗೆ ಕರೆಯುತ್ತಾನೆಂದು ಇಡೀ ತಂಡವೇ ನನ್ನನ್ನು ಮಾಮಾ ಅನ್ನುತ್ತಿತ್ತು. ಆಫೀಸಿನಿಂದ ಒಂದು ಕುರ್ಚಿ ಬಂತು. ಚಹಾ ಬಂತು. ಬೇಹುಗಾರನನ್ನು ಹೀಗೆ ಕುರ್ಚಿ ಹಾಕಿ ಕೂಡಿಸಿದ್ದು ಬೇರೆಲ್ಲೂ ಇರಲಿಕ್ಕಿಲ್ಲ. ಆದರೂ ನಾನು ಕಣ್ಣು ಮುಚ್ಚಲಿಲ್ಲ. ಒಂದು ತಾಸು ನೋಡಿದೆ, ಮತ್ತು ನನ್ನ ಆಯುಷ್ಯದಲ್ಲಿ ಮೊದಲ ಸಲ ನಿಜವಾಗಿಯೂ ಏನೋ ಕಂಡಿತು. ಅವರ ಗೋಲ್‌ಕೀಪರ್ ಇಮ್ತಿಯಾಜ್ ನೆಲದ ಚೆಂಡಿಗೆ ಹುಲಿ. ಆದರೆ ಕಾರ್ನರಿನಿಂದ ಎತ್ತರಕ್ಕೆ ಬರುವ ಚೆಂಡಿಗೆ ಹೋಗಲೋ ಬೇಡವೋ ಎಂದು ಒಂದು ಗಳಿಗೆ ಗೋಲಿನಲ್ಲೇ ನಿಂತುಬಿಡುತ್ತಿದ್ದ. ಅದನ್ನು ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದು ಪೆನ್ನು ಮುಚ್ಚಿದೆ.

ಆಟ ಮುಗಿಯಿತು. ಇಮ್ತಿಯಾಜ್ ಬೆವರು ಒರೆಸಿಕೊಳ್ಳುತ್ತ ಬಂದು ನನ್ನ ಕುರ್ಚಿಯ ಬದಿಗೆ ನೆಲದ ಮೇಲೆ ಕೂತ. "ಮಾಮಾ, ನೀವು ಆಗಿಂದ ಬರಕೋತ ಕುಂತಿದ್ರಿ. ನನ್ನ ಆಟದಾಗ ಏನ ಕಡಿಮಿ ಐತಿ, ಖರೇ ಹೇಳ್ರಿ" ಅಂದ.

ಓದುಗರು ನನ್ನ ಸ್ಥಿತಿಯನ್ನು ಸ್ವಲ್ಪ ವಿಚಾರ ಮಾಡಬೇಕು. ಫುಟ್‌ಬಾಲಿನ ಬಗ್ಗೆ ನಾನು ನೂರಾರು ಸಲ ಮಾತಾಡಿದ್ದೇನೆ, ಆದರೆ ಆಡುವವನೊಬ್ಬ ತಾನಾಗಿ ಬಂದು ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಯಾವ ಪಲ್ಯ ಮಾಡಲಿ ಎಂದು ಸಹ ನನ್ನನ್ನು ಯಾರೂ ಕೇಳುವುದಿಲ್ಲ. ನಾನು ಕರಗಿಹೋದೆ. ನೋಟ್‌ಬುಕ್ ತೆರೆದು ತೋರಿಸಿದೆ. ಎದ್ದು ನಿಂತು, ಚಟ್ನಿಪುಡಿಯ ಡಬ್ಬಿಯನ್ನೇ ಚೆಂಡೆಂದು ಎತ್ತಿ ಹಿಡಿದು, "ಇಲ್ಲಿ ತಡಾ ಮಾಡ್ತಿ ನೋಡಪಾ. ಚೆಂಡು ಅವನ ಕಾಲು ಬಿಟ್ಟ ಕೂಡ್ಲೆ ನೀ ಹೆಜ್ಜಿ ಕಿತ್ತಬೇಕು" ಎಂದು ವಿವರಿಸಿದೆ. ಅವನು ಹ್ಞೂಂ ಹ್ಞೂಂ ಎನ್ನುತ್ತ ಕೇಳಿದ. ಡಬ್ಬಿಯನ್ನು ಶಿವಾನಂದನ ಕೈಗೆ ಕೊಟ್ಟು, ಬಹಳ ತೃಪ್ತಿಯಿಂದ ಬಸ್ಸು ಹತ್ತಿದೆ.

ಉಣಕಲ್ ದಾಟುವಾಗ ನಾನು ಮಾಡಿದ್ದೇನೆಂದು ಹೊಳೆಯಿತು. ಆದರೆ ವರ್ಷಗಟ್ಟಲೆಯ ರೂಢಿ ಪಂದ್ಯಕ್ಕೆ ಉಳಿದ ನಾಲ್ಕು ದಿನದಲ್ಲಿ ಹೋಗುತ್ತದೆಯೇ ಎಂದು ಸಮಾಧಾನ ಮಾಡಿಕೊಂಡು, ಮರುದಿನ ಬಸವರಾಜನಿಗೆ ನೋಟ್‌ಬುಕ್ಕಿನ ಸಂಗತಿಯಷ್ಟನ್ನೇ ಹೇಳಿದೆ, ಉಳಿದದ್ದನ್ನು ನುಂಗಿಕೊಂಡೆ. ಅವನಿಗೆ ಖುಷಿಯಾಯಿತು. ನಾಲ್ಕು ದಿನ ಅವನು ಹುಡುಗರಿಂದ ಎತ್ತರದ ಕಾರ್ನರ್ ಬಿಟ್ಟು ಬೇರೇನನ್ನೂ ಹೊಡೆಸಲಿಲ್ಲ.

ಪಂದ್ಯದ ದಿನ ನಮಗೆ ಏಳು ಕಾರ್ನರ್ ಸಿಕ್ಕವು. ಏಳೂ ಸಲ ಇಮ್ತಿಯಾಜ್ ಚೆಂಡು ಕಾಲು ಬಿಟ್ಟ ಕೂಡಲೇ ಮುಂದೆ ನುಗ್ಗಿ, ಎಲ್ಲರ ತಲೆಯ ಮೇಲಿಂದ ಅದನ್ನು ಹಲಸಿನ ಹಣ್ಣಿನಂತೆ ಇಳಿಸಿಕೊಂಡ. ಐದನೆಯದಕ್ಕೆ ನಾನು ನಮ್ಮ ಬೆಂಚಿನ ಮೇಲೆ ಕೂತೇ "ಶಾಬ್ಬಾಸ್" ಅಂದುಬಿಟ್ಟೆ. ಪಕ್ಕದವರು ತಿರುಗಿ ನೋಡಿದಾಗ ಕೆಮ್ಮಿದೆ. ಒಂದು ಗೋಲಿನಿಂದ ಸೋತೆವು. ಮುಗಿದ ಮೇಲೆ ಇಮ್ತಿಯಾಜ್ ಓಡುತ್ತ ಬಂದು, ಬಸವರಾಜನ ಎದುರಿಗೇ ನನ್ನ ಎರಡೂ ಕೈ ಹಿಡಿದುಕೊಂಡು, "ಮಾಮಾ, ನೀವು ಹೇಳಿದಂಗ ಮಾಡಿದೆ ನೋಡ್ರಿ" ಅಂದ. ಬಸವರಾಜ ನನ್ನನ್ನು ನೋಡಿದ, ಅವನನ್ನು ನೋಡಿದ. ನೇರ ಟೆಂಪೋದ ಕಡೆ ಹೋಗಿ, ಚೆಂಡಿನ ಚೀಲವನ್ನು ಎತ್ತಿ ಡ್ರೈವರನ ಪಕ್ಕದಲ್ಲಿ ಇಟ್ಟ.

ಬಸ್ಸಿನಲ್ಲಿ ಮಾಳಮಡ್ಡಿಯ ನಮ್ಮ ಮನೆಗೆ ಬಂದು ಶಾಂತಾಳಿಗೆ ಎಲ್ಲವನ್ನೂ ಹೇಳಿದೆ. ಹನ್ನೆರಡು ವರ್ಷದಲ್ಲಿ ಒಂದೇ ಪತ್ರ ತಪ್ಪು ವಿಳಾಸಕ್ಕೆ ಹೋಯಿತು, ಅದೂ ಇಂಥದ್ದು ಎಂದು ಗೋಳಾಡಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, "ಹೋಗ್ಲಿ ಬಿಡ್ರಿ. ಒಬ್ಬಾತನರ ನಿಮ್ಮ ಮಾತು ಕೇಳಿದ್ನಲ್ಲ" ಅಂದಳು.

ಟೆಂಪೋದ ಜಾಗ ಹೋದದ್ದಕ್ಕೆ ನನಗೆ ದುಃಖವಾಗಿದ್ದು ನಿಜ. ಆದರೆ ದಾರಿಯುದ್ದಕ್ಕೂ ನಾನು ಬಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದದ್ದು ಬೇರೆ. ಇಮ್ತಿಯಾಜ್ ಹಿಡಿದ ಆ ಏಳು ಚೆಂಡುಗಳಲ್ಲಿ ನಾನು ಹಿಡಿದದ್ದು ಎಷ್ಟು ಎಂದು. ಮೊದಲು ಎರಡು ಅಂದುಕೊಂಡೆ, ನವನಗರ ದಾಟುವಾಗ ನಾಲ್ಕಾಯಿತು. ಮನೆಯ ಬಾಗಿಲು ಬಡಿಯುವ ಹೊತ್ತಿಗೆ ಏಳೂ ನನ್ನವೇ ಆಗಿದ್ದವು.