ಧುಮುಕುವ ನೀರಿಗೊಂದು ಬಾಗಿನ

ಒಂದು ಮೊರ ಬಾಗಿನ ಕೊಟ್ಟು ಬರುವುದರಲ್ಲಿ ತಪ್ಪುವುದಕ್ಕೆ ಏನಿದೆ? ಬೆಳಿಗ್ಗೆ ಹೋಗುವುದು, ಅರಿಶಿನ ಕುಂಕುಮ ಏರಿಸುವುದು, ನೀರಿಗೆ ಬಿಡುವುದು, ಮಧ್ಯಾಹ್ನದ ಊಟಕ್ಕೆ ಡೊಂಬಿವಲಿಯ ಮನೆಗೆ ವಾಪಸು. ನಾನು ಹೀಗೆಂದಾಗ ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿ ನನ್ನನ್ನು ನೋಡಿದರು. ಮೂವತ್ತು ವರ್ಷ ನನ್ನ ಜತೆ ಸಂಸಾರ ಮಾಡಿದವರ ನೋಟ ಅದು. ನನಗೆ ಆಗ ಅರ್ಥವಾಗಲಿಲ್ಲ.

ಹರಕೆಯ ಕಥೆ ಇಷ್ಟು. ನಮ್ಮ ಮಗಳು ಅನಘಾ ಬಂದ ಸಂಬಂಧಗಳನ್ನೆಲ್ಲ ಬೆಂಡೆಕಾಯಿಯಂತೆ ತುದಿ ಮುರಿದು ನೋಡಿ ಬದಿಗಿಡುತ್ತಿದ್ದಳು. ಒಂದು ದಿನ ಟಿ.ವಿ.ಯಲ್ಲಿ ಊರಿನ ಸುದ್ದಿ ಬರುತ್ತಿತ್ತು. ತುಂಬಿದ ಅಣೆಕಟ್ಟಿಗೆ ಮಂತ್ರಿಗಳು ಬಾಗಿನ ಅರ್ಪಿಸುತ್ತಿದ್ದರು. ಹಿಂದೆ ಗೇಟಿನಿಂದ ನೀರು ಧುಮುಕುತ್ತಿತ್ತು. ಸೌಟು ಹಿಡಿದೇ ಕೈ ಮುಗಿದುಬಿಟ್ಟೆ. “ಗಂಗಾಮಾತೆ, ಇವಳು ಒಬ್ಬನಿಗೆ ಹೂಂ ಅನ್ನಲಿ. ಧಾರೆಗೆ ಮೊದಲು ಧುಮುಕುವ ನೀರಿಗೆ ಬಾಗಿನ ಕೊಡುತ್ತೇನೆ!”

ಹರಿಯುವ ನೀರು ಎಂದಿದ್ದರೆ ಸಾಕಿತ್ತು. ಪಕ್ಕದ ಕಲ್ಯಾಣ ಊರಿನ ಹೊಳೆಗೆ ಬಿಟ್ಟು ಬರಬಹುದಿತ್ತು. ಆದರೆ ನನ್ನ ಬಾಯಿ!

ಗಂಗಾಮಾತೆ ತಡಮಾಡಲಿಲ್ಲ. ಅಂಬರನಾಥದ ಹುಡುಗ, ಉಡುಪಿ ಕಡೆಯವರೇ, ಅನಘಾ ಹೂಂ ಅಂದಳು. ಮದುವೆ ಶ್ರಾವಣದಲ್ಲಿ. ಅದಕ್ಕೆ ಒಂದೇ ವಾರ ಉಳಿದಿದ್ದರೂ ಹರಕೆ ಹಾಗೆಯೇ ಬಾಕಿ ಇತ್ತು. ಮಳೆಗಾಲವೆಂದು ಸುತ್ತಲಿನ ಜಲಪಾತಗಳಿಗೆಲ್ಲ ಪೊಲೀಸರ ತಡೆ. ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕುಕ್ಕರ್ ಸೀಟಿ ಹೊಡೆದರೆ ದೇವಿಯೇ ಗದರಿದಂತೆ. ಹರಕೆ ಬಾಕಿ ಇಟ್ಟು ಧಾರೆ ಎರೆದರೆ ಮಗಳ ಗತಿ?

“ಅಮ್ಮಾ, ಟೆನ್ಷನ್ ನಕೋ,” ಅಂದಳು ಅನಘಾ. “ನವಿ ಮುಂಬಯಿಯಲ್ಲಿ ವಾಟರ್‌ಫಾಲ್ ಪಾರ್ಕ್ ಇದೆ. ಪೊಲೀಸ್ ವೊಲೀಸ್ ಕುಛ್ ನಹೀ.”

“ನೀರು ಮೇಲಿನಿಂದ ಧುಮುಕುತ್ತದಾ?”

“ಊಪರ್ ಸೇ ಹೀ ಗಿರ್ತಾ ಹೈ ಅಮ್ಮಾ. ನೀಚೇ ಸೇ ಕೈಸೇ ಗಿರೇಗಾ?”

ಕೆಳಗಿನಿಂದ ಹೇಗೆ ಬಿದ್ದೀತು ಎಂದು ನನ್ನನ್ನೇ ಕೇಳಿ, ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಕಪ್ಪು ಬಂಡೆ, ಬಿಳಿ ನೀರು, ಸುತ್ತ ಹಸಿರು. ನಾನು ಮೊಬೈಲನ್ನೇ ಕಣ್ಣಿಗೊತ್ತಿಕೊಂಡೆ.

ಬಾಗಿನ ಕಟ್ಟಲು ಕೂತೆ. ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಾಚಣಿಗೆ, ಕನ್ನಡಿ, ವೀಳ್ಯದೆಲೆ, ತೆಂಗಿನಕಾಯಿ. ರವಿಕೆ ಕಣ ಒಂದಿಟ್ಟರೆ ಶಾಸ್ತ್ರಕ್ಕೆ ಸಾಕು. ಕಡಿಮೆಯಾಯಿತೆಂದು ದೇವಿಗೆ ಅನಿಸಬಾರದಲ್ಲ, ಎರಡಿಟ್ಟೆ. ಮೊರದ ಮೇಲೆ ಮೊರ ಮುಚ್ಚಿ ದಾರ ಸುತ್ತಿದೆ.

“ಇದು ಬಾಗಿನವಾ ಮಾರಾಯ್ತಿ, ಕಿರಾಣಿ ಅಂಗಡಿಯಾ?” ಅಂದರು ಇವರು.

ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಕಳವಾ ಸ್ಟೇಷನ್ ಬರುವವರೆಗೆ ಮೊರ ನನ್ನ ತಲೆಯ ಮೇಲಿತ್ತು. ಅಲ್ಲಿ ಎಲ್ಲರೂ ಥಾಣೆಗೆ ಇಳಿಯಲು ಒಮ್ಮೆಲೇ ಎದ್ದರು. ದಾರ ಸಡಿಲವಾಗಿ ತೆಂಗಿನಕಾಯಿ ಹಾರಿ, ಕಾಲುಗಳ ಕಾಡಿನಲ್ಲಿ ಮಾಯವಾಯಿತು. “ನಾರಿಯಲ್ ಪಕಡೋ!” ಎಂದು ಅನಘಾ ಕೂಗಿದಳು. ಡಬ್ಬಕ್ಕೆ ಡಬ್ಬವೇ ಬಗ್ಗಿ ಹುಡುಕಿತು. ಕಾಯಿ ಕೈಯಿಂದ ಕೈಗೆ ದಾಟಿ, ಹಣೆಯಿಂದ ಹಣೆಗೆ ಮುಟ್ಟಿ ನನ್ನ ಬಳಿ ಬಂತು. ಇಷ್ಟೊಂದು ಹೆಂಗಸರ ಆಶೀರ್ವಾದ ಬೇರೆಲ್ಲಿ ಸಿಗುತ್ತಿತ್ತು? ಒಡೆಯಲೂ ಇಲ್ಲ. ದೇವರು ದೊಡ್ಡವನು.

ಥಾಣೆಯಲ್ಲಿ ಇನ್ನೊಂದು ಡಬ್ಬದಿಂದ ಇಳಿದ ಇವರನ್ನು ಸೇರಿಸಿಕೊಂಡು ಗಾಡಿ ಬದಲಿಸಿ, ಐರೋಲಿ ದಾಟಿ, ಮುಂದೆ ರಿಕ್ಷಾ ಹಿಡಿದು ಪಾರ್ಕಿನ ಗೇಟಿಗೆ ತಲುಪಿದೆವು. ಗೇಟಿನಲ್ಲಿ ಸೆಕ್ಯೂರಿಟಿ ಬಾಯಿ, ಅಂದರೆ ಕಾವಲಿನ ಹೆಂಗಸು. ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಹಣೆಯಲ್ಲಿ ದೊಡ್ಡ ಕುಂಕುಮ. ಮೊರ ಬಿಚ್ಚಿಸಿದರು.

“ಬಾಹರ್ ಕಾ ಖಾನಾ ಅಲೌಡ್ ನಹೀ.”

“ಖಾನಾ ಅಲ್ಲಮ್ಮಾ, ಪೂಜಾ ಹೈ,” ಅಂದರು ಇವರು.

“ಚಾವಲ್ ಹೈ, ದಾಲ್ ಹೈ, ಗುಡ್ ಹೈ. ಪೂಜಾ ಕಿಧರ್ ಹೈ?” ಆಕೆ ಅಕ್ಕಿ, ಬೇಳೆ, ಬೆಲ್ಲ ಒಂದೊಂದನ್ನೇ ಬೆರಳಿಟ್ಟು ತೋರಿಸಿದರು.

“ಕಚ್ಚಾ ಚಾವಲ್ ಕೌನ್ ಖಾತಾ ಹೈ?” ಹಸಿ ಅಕ್ಕಿ ತಿನ್ನುವವರು ಯಾರೆಂದು ಇವರ ಪಾಟೀಸವಾಲು.

ವಾದ ಕೋರ್ಟು ಮುಟ್ಟುವ ಮೊದಲು ನಾನು ಆಕೆಯ ಹಣೆಗೆ ಚೂರು ಕುಂಕುಮ ಹಚ್ಚಿದೆ. ಆಕೆ ಮೆತ್ತಗಾಗಿ ಒಳಗೆ ಬಿಟ್ಟರು. ಆದರೆ ನೀರಿಗೆ ಏನೂ ಹಾಕಬಾರದೆಂದು ಮರಾಠಿಯಲ್ಲಿ ಒತ್ತಿ ಹೇಳಿದರು. ನಾನು ತಲೆಯಾಡಿಸಿದೆ. ಅದು ಚಿಪ್ಸ್ ಪ್ಯಾಕೆಟ್ ಎಸೆಯುವವರಿಗೆ ಹೇಳುವ ಮಾತು. ಹಾಕುವುದು ಬೇರೆ, ಅರ್ಪಿಸುವುದು ಬೇರೆ!

ಒಳಗೆ ಹೋದರೆ ಆಹಾ! ಬಂಡೆಯ ನೆತ್ತಿಯಿಂದ ನೀರು ಭೋರೆಂದು ಧುಮುಕುತ್ತಿತ್ತು. ಕೆಳಗೆ ಕೊಳದ ತುಂಬ ನೈಲಾನ್ ಚಡ್ಡಿಯ ಜನ. ನಡುವೆ ರೇಷ್ಮೆ ಸೀರೆಯ ನಾನೊಬ್ಬಳೇ. ನಾಚಿಕೆಯಾಗಲಿಲ್ಲ. ಗಂಗೆ, ಯಮುನೆ, ಗೋದಾವರಿ, ಊರಿನ ಸುವರ್ಣೆ, ಒಬ್ಬರನ್ನೂ ಬಿಡದೆ ಕರೆದೆ. ಸಕಲ ಮರ್ಯಾದೆಯೊಂದಿಗೆ ಮೊರವನ್ನು ನೀರಿಗೆ ಬಿಟ್ಟೆ. ತಿಂಗಳಿನಿಂದ ಎದೆಯಲ್ಲಿ ಕೂತಿದ್ದ ಕಲ್ಲು ಇಳಿಯಿತು.

ಮೊರ ಗಾಂಭೀರ್ಯದಿಂದ ಒಂದು ಸುತ್ತು ಹಾಕಿ, ಬಂಡೆಯ ಮೂಲೆಯತ್ತ ನೇರ ಹೊರಟಿತು.

“ನೋಡಿ, ದೇವಿ ಕರೆಯುತ್ತಿದ್ದಾಳೆ!”

“ಕರೆಯುವುದಲ್ಲ ಮಾರಾಯ್ತಿ,” ಅಂದರು ಇವರು. “ಅಲ್ಲಿ ಎಂತದೋ ಎಳೆಯುತ್ತಾ ಉಂಟು.”

ಗುರ್ರ್ ಎಂದಿತು. ಆಮೇಲೆ ಗಡಗಡ. ಜಲಪಾತ ಹಗ್ಗದಷ್ಟಾಯಿತು, ದಾರದಷ್ಟಾಯಿತು, ಮೇ ತಿಂಗಳಿನ ನಮ್ಮ ಬಚ್ಚಲ ನಲ್ಲಿಯಂತೆ ನಾಲ್ಕು ಹನಿ ಉದುರಿಸಿತು. ನಿಂತಿತು!

ನೀರಿನ ಪರದೆ ಸರಿದ ಮೇಲೆ ಹಿಂದಿನದೆಲ್ಲ ಕಂಡಿತು. ಸಿಮೆಂಟಿನ ಬಂಡೆ, ದಪ್ಪ ಪೈಪು, ಕಬ್ಬಿಣದ ಬಾಗಿಲು, ಅದರ ಮೇಲೆ ಅಪಾಯವೆಂದು ತಲೆಬುರುಡೆಯ ಚಿತ್ರ. ದೇವಿಯ ಗರ್ಭಗುಡಿಗೆ ಇಂಥ ಬೋರ್ಡನ್ನು ನಾನು ಎಲ್ಲೂ ನೋಡಿದ್ದಿಲ್ಲ.

“ಅನೂ, ಇದು ಪಂಪಾ?”

“ಔರ್ ಕ್ಯಾ? ಅಂದರ್ ಆನೇ ಕಾ ಟಿಕೆಟ್ ಲಿಯಾ ನಾ ಅಮ್ಮಾ! ಗಂಗಾ ಟಿಕೆಟ್ ಲೇತೀ ಹೈ ಕ್ಯಾ?” ಹೌದಲ್ಲ, ಯಾವ ಗಂಗೆ ಟಿಕೆಟ್ ಕೇಳುತ್ತಾಳೆ?

ಮಕ್ಕಳು “ಪಾನೀ ಚಾಲೂ ಕರೋ!” ಎಂದು ಶುರುಮಾಡಿದರು, ದೊಡ್ಡವರು “ಪೈಸಾ ವಾಪಸ್!” ಎಂದು ಸೇರಿಕೊಂಡರು. ಪಂಪಿನವನು ಓಡಿಬಂದು ನೀರೆಳೆಯುವ ಪೈಪಿನ ಜಾಲರಿಯೊಳಗೆ ಕೈಹಾಕಿದ. ಹಸಿರು ರವಿಕೆ ಕಣವೊಂದು ಜಾದೂಗಾರನ ಕರವಸ್ತ್ರದಂತೆ ಉದ್ದಕ್ಕೆ ಬಂತು. ಹಿಂದೆಯೇ ಇನ್ನೊಂದು! ಜನ ಚಪ್ಪಾಳೆ ತಟ್ಟಿದರು. ಅವನು ಎರಡನ್ನೂ ಎತ್ತಿ ಹಿಡಿದ.

“ಯೇ ಕಿಸ್ಕಾ ಹೈ?”

ನಮ್ಮ ಮನೆಯವರು ಈಜುವವರಿಗೆ ಸೂಚನೆಗಳ ಬೋರ್ಡನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಮೂವತ್ತು ವರ್ಷದ ಸಂಸಾರ ಒಂದು ಹೆಜ್ಜೆಯಲ್ಲಿ ಅಪರಿಚಿತರ ಗುಂಪು ಸೇರಿತು. ನನ್ನದೆಂದು ನಾನೇ ಕೈಯೆತ್ತಿದೆ. ಅವನು ಒದ್ದೆ ಮೊರದಲ್ಲಿ ಎಲ್ಲವನ್ನೂ ಗುಡ್ಡೆ ಹಾಕಿ ನನ್ನ ಮುಂದೆ ಹಿಡಿದ.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕೊಟ್ಟ ಬಾಗಿನ ತಿರುಗಿ ಬರುವುದೇ? ಮದುವೆಗೆ ವಾರವಿರುವಾಗ?

“ನಹೀ ಭೈಯಾ, ದಿಯಾ ಹುವಾ ವಾಪಸ್ ನಹೀ ಲೇತೇ!”

“ಮೈ ಕ್ಯಾ ಕರೂ ಇಸ್ಕಾ ಮ್ಯಾಡಮ್? ಮೈ ಬಾಂಗಡೀ ಪೆಹನೂ ಕ್ಯಾ?”

ಬಳೆ ತಾನು ತೊಡಲೇ ಎಂದು ಅವನು ಇತ್ತ ತಳ್ಳಿದ, ನಾನು ಅತ್ತ ತಳ್ಳಿದೆ. ಜನ ನಗುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಆ ಹೊತ್ತಿಗೆ ಆ ಪಾರ್ಕಿನಲ್ಲಿ ಧುಮುಕುತ್ತಿದ್ದ ನೀರು ಅದೊಂದೇ.

ಸೀಟಿ ಊದುತ್ತಾ ಗೇಟಿನ ಬಾಯಿ ಬಂದರು. ಮುಗಿಯಿತು, ಇನ್ನು ಪೊಲೀಸು ಎಂದುಕೊಂಡೆ. ಆಕೆ ಮೊರ ನೋಡಿದರು, ನನ್ನ ಮುಖ ನೋಡಿದರು, ಅನಘಾಳ ಕಡೆ ತಿರುಗಿದರು.

“ಮುಲೀಚಂ ಲಗ್ನ ಆಹೇ ಕಾ?”

ಹೌದು, ಮಗಳ ಮದುವೆ ಎಂದು ತಲೆಯಾಡಿಸಿದೆ. ಆಕೆ ಸೀಟಿ ಜೇಬಿಗೆ ಹಾಕಿ, ಪಕ್ಕದವರ ಟವೆಲ್ಲೊಂದನ್ನು ಕೇಳಿ ಪಡೆದು, ಖಾಕಿ ಅಂಗಿಯ ಮುಂದೆ ಸೆರಗಿನಂತೆ ಒಡ್ಡಿದರು. “ದ್ಯಾ. ಮಾಝೀ ಓಟೀ ಭರಾ.”

ಮರಾಠಿಯವರು ಮುತ್ತೈದೆಗೆ ಉಡಿ ತುಂಬುವ ಶಾಸ್ತ್ರ ಅದು. ಬಾಗಿನ ನದಿಗೆ ಸಲ್ಲುತ್ತದೆ, ಇಲ್ಲವೇ ಮುತ್ತೈದೆಗೆ. ನನಗೆ ಅದು ನೆನಪೇ ಆಗಿರಲಿಲ್ಲ! ಒದ್ದೆ ಅಕ್ಕಿ, ಕರಗಿದ ಬೆಲ್ಲ, ಎರಡೂ ರವಿಕೆ ಕಣ, ಎಲ್ಲ ತುಂಬಿದೆ. ಪಂಪು ಕೆಮ್ಮಿತು. ಹಿಂದಿನಿಂದ ನೀರು ಭೋರೆಂದು ಧುಮುಕಿತು. ನಾನು ಕೈ ಮುಗಿದೆ.

“ಪಾಣೀ ಥಾಂಬಲಂ ತರೀ ಚಾಲೇಲ್, ಲಗ್ನ ಥಾಂಬಾಯಲಾ ನಕೋ,” ಅಂದರು ಆಕೆ. ನೀರು ನಿಂತರೂ ಅಡ್ಡಿಯಿಲ್ಲ, ಮದುವೆ ನಿಲ್ಲಬಾರದು. ಮರುಕ್ಷಣ ಸೀಟಿ ಬಾಯಿಗೆ ಬಂತು. ನಮ್ಮ ಮೂವರನ್ನೂ ಗೇಟಿನವರೆಗೆ ನಡೆಸಿ ಹೊರಗೆ ಹಾಕಿದರು.

ಮದುವೆ ನಿಲ್ಲಲಿಲ್ಲ. ಧಾರೆಯ ಹೊತ್ತಿಗೆ ಇವರ ಕೈ, ಮಗಳ ಕೈ, ಅಳಿಯನ ಕೈ ಒಂದರ ಮೇಲೊಂದು. ನಾನು ಗಿಂಡಿ ಬಾಗಿಸಿದೆ. ನೀರು ಬರಲಿಲ್ಲ. ಇನ್ನೂ ಬಾಗಿಸಿದೆ. ಬರಲಿಲ್ಲ! ಭಟ್ಟರು ಮಂತ್ರದ ಕೊನೆಯ ಅಕ್ಷರವನ್ನು ಎಳೆದರು, ಎಳೆದರು, ಉಸಿರು ಮುಗಿದು ನನ್ನನ್ನೇ ನೋಡಿದರು. ಕಡಿಮೆಯಾಗಬಾರದೆಂದು ಬೆಳಿಗ್ಗೆ ಗಿಂಡಿಯೊಳಗೆ ಹಿಡಿ ತುಂಬ ತುಳಸಿ ತುರುಕಿದವಳು ನಾನೇ.

“ಅಮ್ಮಾ,” ಬಾಸಿಂಗದ ಕೆಳಗಿನಿಂದ ಮಗಳು ಪಿಸುಗುಟ್ಟಿದಳು, “ಪಂಪ್ ಚಾಲೂ ಕರ್!”

ಈ ಸಲ ಇವರಿಗೆ ಓದಲು ಬೋರ್ಡು ಇರಲಿಲ್ಲ. ದರ್ಭೆ ತೆಗೆದುಕೊಂಡು ಗಿಂಡಿಯ ಮೂತಿಗೆ ಚುಚ್ಚಿದರು. ನೀರು ಧುಮುಕಿತು. ಕೈಗಳ ಮೇಲೆ ಸ್ವಲ್ಪ, ಅಳಿಯನ ರೇಷ್ಮೆ ಪಂಚೆಯ ಮೇಲೆ ಉಳಿದದ್ದೆಲ್ಲ. ಅವನು ನಕ್ಕ. ದೇವರು ದೊಡ್ಡವನು, ಅಳಿಯ ಒಳ್ಳೆಯವನು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇವರ ಬಾಯಿ ನನ್ನದಕ್ಕಿಂತ ದೊಡ್ಡದು, ಬಿಲ್ಡಿಂಗಿಗೆಲ್ಲ ಸಾರಿಬಿಟ್ಟರು. ಈಗ ಬಿಲ್ಡಿಂಗಿನಲ್ಲಿ ನೀರು ನಿಂತರೆ ಯಾರೂ ವಾಚ್‌ಮನ್‌ನನ್ನು ಹುಡುಕುವುದಿಲ್ಲ. ಸೀದಾ ಬಂದು ನಮ್ಮ ಬೆಲ್ ಒತ್ತುತ್ತಾರೆ.