ಶೇಕಡಾ ಸೊನ್ನೆಯ ಮಾತು

ಅರವತ್ತಾರು ವರ್ಷ ದುಡಿದ ದೇಹ ಒಂದು ದಿನ ತಿರುಗಿ ಬೀಳುವುದು ಸಹಜ. ದಂಗೆ ಎದ್ದದ್ದು ಹೃದಯವೋ ಶ್ವಾಸಕೋಶವೋ ಆಗಿದ್ದರೆ ಕುನಿಯೊ ಮಿನಗಾವನಿಗೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಅದರಲ್ಲಿ ಒಂದು ಗಾಂಭೀರ್ಯವಾದರೂ ಇದೆ. ಅವನ ದೇಹದಲ್ಲಿ ಎದ್ದದ್ದು ಬಲಗಾಲಿನ ಹೆಬ್ಬೆರಳು. ಗಾಳಿ ಸೋಕಿದರೂ ಉರಿಯುತ್ತಿದ್ದ ಆ ಕೆಂಪು ಬೆರಳನ್ನು ನೋಡಿ ತೊಯಾಮದ ವೈದ್ಯರು ಗೌಟ್ ಎಂದು ಹೆಸರಿಟ್ಟು, "ಬಿಯರ್ ಬಿಡಿ, ಸಾಕೆ ಬಿಡಿ, ಉಪ್ಪು ಹಾಕಿದ ಬೊಂಡಾಸ್ ಮೀನು ಬಿಡಿ" ಎಂದು ಬಿಡಿಬಿಡಿಯಾಗಿ ಹೇಳಿದರು. (ಬದುಕುವುದನ್ನು ಬಿಡಿ ಎನ್ನಲಿಲ್ಲ. ಅಷ್ಟು ದಾಕ್ಷಿಣ್ಯ ಉಳಿಸಿಕೊಂಡರು.)

ಅದೇ ಸಂಜೆ ಹೆಂಡತಿ ಫುಮಿಯೆ ಎರಡು ಚೀಲದ ತುಂಬ ಡಬ್ಬಿ, ಬಾಟಲಿಗಳನ್ನು ಹೊತ್ತು ತಂದಳು.

"ಇದೇನೇ ಇದು?"

"ಮದ್ಯ ಇಲ್ಲದ ಬಿಯರು, ಮದ್ಯ ಇಲ್ಲದ ಕಾಕ್‌ಟೇಲು, ಮದ್ಯ ಇಲ್ಲದ ವೈನು. ಒಂದೊಂದೇ ರುಚಿ ನೋಡಿ. ಯಾವುದು ಒಗ್ಗುತ್ತೋ ಅದನ್ನೇ ತರ್ತೀನಿ."

ಕುನಿಯೊ ಕನ್ನಡಕ ಏರಿಸಿ ಡಬ್ಬಿಯನ್ನು ಓದಿದ. "ಮದ್ಯ 0.00. ಸಕ್ಕರೆ 0. ಕಾಲು ನೋಯಿಸೋ ಪ್ಯೂರಿನ್ನೂ 0. ಹಾಗಾದ್ರೆ ಒಳಗೇನಿದೆ? ಬರೀ ಡಬ್ಬಿ ತಂದಿದ್ದೀಯಾ?"

"ನಿಮ್ಮ ನಿವೃತ್ತಿ ಇದ್ದ ಹಾಗೆ ಕಣ್ರೀ. ಕೆಲಸ ಸೊನ್ನೆ, ಆದ್ರೂ ದಿನ ತುಂಬಿರುತ್ತೆ."

ಪರೀಕ್ಷೆ ಆರಂಭವಾಯಿತು. ಮೊದಲನೆಯ ಬಿಯರಿನ ನೊರೆಗೆ ನೂರಕ್ಕೆ ನೂರು ಅಂಕ ಕೊಡಬಹುದಿತ್ತು. ನೊರೆಯ ಕೆಳಗೆ ಇಳಿದರೆ, ತಣ್ಣನೆಯ ಬಾರ್ಲಿ ಚಹಾಕ್ಕೆ ಯಾರೋ ಬಿಯರಿನ ಕಥೆ ಹೇಳಿ ಮಲಗಿಸಿದಂತಿತ್ತು. ನಿಂಬೆಯ ಕಾಕ್‌ಟೇಲನ್ನು ಬಾಯಿಗೆ ಹಾಕಿಕೊಂಡ ಕೂಡಲೇ ಹಲ್ಲಿನ ವೈದ್ಯರ ಕುರ್ಚಿ ನೆನಪಾಗಿ, ಅವನು ಮುಕ್ಕಳಿಸಿ ಉಗುಳಲು ಜಾಗ ಹುಡುಕಿದ. ಇನ್ನು ಕೆಂಪು ವೈನು. ಅದು ದ್ರಾಕ್ಷಿಯಾಗಿಯೂ ಉಳಿಯದೆ ವೈನೂ ಆಗದೆ, ಎರಡನೆಯ ಸಲವೂ ಅನುತ್ತೀರ್ಣನಾದ ವಿದ್ಯಾರ್ಥಿಯಂತೆ ಲೋಟದಲ್ಲಿ ತಲೆ ತಗ್ಗಿಸಿ ನಿಂತಿತ್ತು.

"ಹೇಗಿದೆ?"

"ಸುಸ್ತಾಗಿದೆ."

"ಯಾರಿಗೆ?"

"ವೈನಿಗೆ."

ಕೊನೆಗೆ ಕಪ್ಪು ಡಬ್ಬಿಯ ಕಹಿ ಬಿಯರೊಂದನ್ನು ಅವನು ಒಪ್ಪಿಕೊಂಡ. ಬೇರೆಯವುಗಳಿಗಿಂತ ಅದು ಚೆನ್ನಾಗಿತ್ತೆಂದಲ್ಲ. ಇನ್ನೊಂದು ಡಬ್ಬಿಯ ರುಚಿ ನೋಡುವ ತ್ರಾಣ ಉಳಿದಿರಲಿಲ್ಲ.

ಆದರೆ ಕುನಿಯೊನ ನಿಜವಾದ ಕಷ್ಟ ನಾಲಿಗೆಯದಾಗಿರಲಿಲ್ಲ, ಮಹಡಿಯ ಮೇಲಿನ ಚಿಕ್ಕ ಕೋಣೆಯದು. ನೆಲಕ್ಕೆ ನಾಲ್ಕೂವರೆ ಚಾಪೆ ಹಾಸುವಷ್ಟೇ ಇದ್ದ ಆ ಕೋಣೆಯಲ್ಲಿ ಅವನ ಹನ್ನೊಂದು ಹಳೆಯ ರೇಡಿಯೊಗಳಿದ್ದವು. ಮಧ್ಯಾಹ್ನ ಬಾಗಿಲು ಎಳೆದುಕೊಂಡು ಅವುಗಳ ಹೊಟ್ಟೆ ಬಿಚ್ಚಿ ಕುಳಿತರೆ ಅವನಿಗೆ ಸ್ವರ್ಗ. ಇಡೀ ಮನೆಯಲ್ಲಿ ಅವನ ಮಾತು ನಡೆಯುತ್ತಿದ್ದುದು ಅಲ್ಲೊಂದೇ ಕಡೆ. ಎದುರು ಮಾತಾಡುವವರು ಅಲ್ಲಿ ಯಾರೂ ಇರಲಿಲ್ಲವಷ್ಟೆ. ಈಗ ಫುಮಿಯೆಯ ಅಣ್ಣ ಇಸಾಮುವಿನ ಮನೆಯ ಮಾಡು ಹಿಮದ ಭಾರಕ್ಕೆ ಕುಸಿದು, ದುರಸ್ತಿ ಮುಗಿಯುವ ತನಕ ಅವನಿಗೊಂದು ಕೋಣೆ ಬೇಕಾಗಿತ್ತು. ಇಸಾಮು ಒಳ್ಳೆಯವನೇ. ಆದರೆ ಹಾಡುತ್ತಿದ್ದ. ಮೈಕು, ಸ್ಪೀಕರ್ ಪೆಟ್ಟಿಗೆ ಸಮೇತ ಹಾಡುತ್ತಿದ್ದ.

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಕುನಿಯೊ ಹೆಂಡತಿಗೆ ಒಮ್ಮೆಯೂ 'ಆಗುವುದಿಲ್ಲ' ಎಂದವನಲ್ಲ. ಅದಕ್ಕೆ ಬದಲಾಗಿ ಅವನಲ್ಲಿ ಒಂದು ಉಪಾಯವಿತ್ತು. ಕುಡಿತದ ಕೂಟದಲ್ಲಿ ಆಡಿದ ಮಾತು ಕುಡಿತದೊಂದಿಗೇ ಇಳಿದುಹೋಗಬೇಕು, ಮರುದಿನ ಅದನ್ನು ಎತ್ತಿ ಆಡುವುದು ಅಸಭ್ಯತೆ ಎಂಬುದು ಅಲ್ಲಿ ಎಲ್ಲರೂ ಪಾಲಿಸುವ ಕಟ್ಟಳೆ. ಆದ್ದರಿಂದ ಕುನಿಯೊ ಎಚ್ಚರದಲ್ಲಿದ್ದಾಗ ಎಲ್ಲದಕ್ಕೂ "ನೋಡೋಣ" ಎನ್ನುವನು. ಕುಡಿದಾಗ ಕೈಬಿಚ್ಚಿ ವಾಗ್ದಾನ ಮಾಡುವನು. ಬೆಳಿಗ್ಗೆ ಎದ್ದು ತಲೆ ಹಿಡಿದುಕೊಂಡು, "ಅಯ್ಯೋ, ಏನೇನು ಒದರಿದೆನೋ, ಒಂದೂ ನೆನಪಿಲ್ಲ" ಎನ್ನುವನು. ಹೀಗೆ ಫುಮಿಯೆಗೆ ಈವರೆಗೆ ನಾಲ್ಕು ಬಾರಿ ಹೊಕ್ಕೈಡೊ ಪ್ರವಾಸವೂ, ಎರಡು ಬಾರಿ ಹೊಸ ಅಡುಗೆಮನೆಯೂ, ಪ್ರತಿ ವರ್ಷ ತಪ್ಪದೆ 'ನಾಳೆಯಿಂದ ಪಾತ್ರೆ ನಾನೇ ತೊಳೀತೀನಿ' ಎಂಬ ಮಾತೂ ದೊರೆತಿದ್ದವು. ಹಳೆಯ ವರ್ಷವನ್ನು ಮರೆಯಲೆಂದೇ ಡಿಸೆಂಬರಿನಲ್ಲಿ ನಡೆಯುವ ಔತಣದಲ್ಲಿ ಕೋಣೆಯ ವಿಷಯವೂ ಹೀಗೆಯೇ ಮುಗಿದುಹೋಗುತ್ತದೆ ಎಂದು ಅವನು ನೆಚ್ಚಿಕೊಂಡಿದ್ದ.

ಔತಣದ ಸಂಜೆ ಇಸಾಮು ಅಕ್ಕಿಯ ಮದ್ಯವಾದ ಸಾಕೆಯ ದೊಡ್ಡದೊಂದು ಬಾಟಲಿಯನ್ನು ಮಗುವಿನಂತೆ ಎತ್ತಿಕೊಂಡು ಬಂದ. ಕೂಟದಲ್ಲಿ ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳುವುದು ಮರ್ಯಾದೆಯಲ್ಲವಲ್ಲ! ಕುನಿಯೊ ಅವನಿಗೆ ಸಾಕೆ ಸುರಿದ; ಅವನು ಕುನಿಯೊನಿಗೆ ಕಪ್ಪು ಡಬ್ಬಿಯಿಂದ ಸೊನ್ನೆ ಸುರಿದ.

"ಕುಡಿ ಭಾವ, ಕುಡಿ! ಬಣ್ಣ ಅದೇ, ನೊರೆ ಅದೇ, ಇನ್ನೇನು ಬೇಕು?"

ಒಲೆಯ ಮೇಲೆ ಬುರಿ ಮೀನು ಮೂಲಂಗಿಯೊಂದಿಗೆ ಕುದಿಯುತ್ತಿತ್ತು. ಹಬೆ ಮುಖಕ್ಕೆ ಹೊಡೆಯಿತು. ಎದುರಿಗೆ ಇಸಾಮು ಬಂದರಿನ ವಿರಹದ ಹಾಡೊಂದನ್ನು ಎತ್ತಿಕೊಂಡ. ಮೂರನೆಯ ಲೋಟಕ್ಕೆ ಕುನಿಯೊನ ಕಿವಿ ಕೆಂಪಾದವು. ಐದನೆಯದಕ್ಕೆ ಕೊರಳಿನ ಟೈ ಹಣೆಗೆ ಏರಿತು. ಮೂವತ್ತೆಂಟು ವರ್ಷದ ಅಭ್ಯಾಸ; ದೇಹಕ್ಕೆ ಡಬ್ಬಿ ಓದಲು ಬರುವುದಿಲ್ಲ.

ಆಗ ಫುಮಿಯೆ ಮೀನಿನ ದಪ್ಪ ತುಂಡೊಂದನ್ನು ಅವನ ತಟ್ಟೆಗೆ ಹಾಕುತ್ತ ಮೆಲ್ಲಗೆ ಕೇಳಿದಳು: "ರೀ, ಅಣ್ಣನ ವಿಷಯ..."

"ಅದಕ್ಕೇನು ಕೇಳೋದು!" ಕುನಿಯೊ ಎದೆ ತಟ್ಟಿಕೊಂಡ. "ಬಾ ಭಾವ! ಆ ಕೋಣೆ ನಿಂದೇ! ರೇಡಿಯೊ ಎಲ್ಲಾ ಶೆಡ್ಡಿಗೆ ಹಾಕ್ತೀನಿ. ಹಾಸಿಗೆ ನಾನೇ ಹಾಸ್ತೀನಿ!"

ಇಸಾಮುವಿನ ಕಣ್ಣಲ್ಲಿ ನೀರು ಬಂತು. "ನೀನು ದೇವರಂಥೋನು ಭಾವ. ಚೆರ್ರಿ ಹೂ ಬಿಡೋ ಹೊತ್ತಿಗೆ ಖಾಲಿ ಮಾಡ್ತೀನಿ. ಬಾಗಿಲ ಮುಂದಿನ ಹಿಮ ದಿನಾ ನಾನೇ ಎತ್ತಿ ಹಾಕ್ತೀನಿ. ಹಾಡಂತೂ ಒಂದು ಸಾಲೂ ಇಲ್ಲ. ನನ್ನಾಣೆ!"

ಮರುದಿನ ಕುನಿಯೊ ತಲೆ ಹಿಡಿದುಕೊಂಡು ಕೆಳಗಿಳಿದ. (ತಲೆ ಲವಲೇಶವೂ ನೋಯುತ್ತಿರಲಿಲ್ಲ. ಅವನಿಗೆ ಮೊದಲು ಭಯವಾದದ್ದೇ ಅದರಿಂದ.) "ಅಯ್ಯೋ, ನಿನ್ನೆ ಏನೇನು ಒದರಿದೆನೋ..."

ಕಸದ ಗಾಡಿಗೆ ಹಾಕಲೆಂದು ತೊಳೆದ ಖಾಲಿ ಡಬ್ಬಿಗಳನ್ನು ಫುಮಿಯೆ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಳು. ಏಳು.

"ಮೊದಲನೇದು ಓದಿ."

"ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ."

"ಏಳೂ ಕೂಡಿಸಿ."

ಕುನಿಯೊ ಕೂಡಿಸಲಿಲ್ಲ. ಉತ್ತರ ಗೊತ್ತಿತ್ತು.

"ಸಾಕೆ ಆಡಿದ ಮಾತನ್ನ ನಾನು ಯಾವತ್ತಾದ್ರೂ ಎತ್ತಿದೀನಾ? ಇಲ್ಲ. ಆದ್ರೆ ನಿನ್ನೆ ಮಾತಾಡಿದ್ದು ಸಾಕೆ ಅಲ್ಲ ಕಣ್ರೀ, ನೀವು. ಮದುವೆಯಾದ ಮೇಲೆ ಮೊದಲನೇ ಸಲ."

ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿದ. "ಫುಮಿಯೆ, ನಿಜ ಹೇಳಿಬಿಡ್ತೀನಿ. ನೀನು ಒಳಗೆ ಹೋದಾಗ ನಿನ್ನಣ್ಣನ ಬಾಟ್ಲಿಯಿಂದ ಕದ್ದು ಕುಡಿದೆ. ಮೂರು ಲೋಟ! ನಾನು ಪೂರ್ತಿ ಅಮಲಿನಲ್ಲಿದ್ದೆ."

"ಹೌದಾ? ಎಲ್ಲಿ, ಕಾಲು ತೋರಿಸಿ."

ಕುನಿಯೊ ಕಾಲುಚೀಲ ಕಳಚಿದ. ಕದ್ದು ಒಂದು ಗುಟುಕು ಕುಡಿದರೂ ಬೆಳಗಾಗುವುದರೊಳಗೆ ಕೆಂಪಾಗಿ ಊರಿಗೆಲ್ಲ ಚಾಡಿ ಹೇಳುತ್ತಿದ್ದ ಹೆಬ್ಬೆರಳು, ಸ್ನಾನ ಮಾಡಿಸಿದ ಮಗುವಿನಂತೆ ತಣ್ಣಗೆ, ಬೆಳ್ಳಗೆ ಮಲಗಿತ್ತು. ಕುಡಿದೆನೆಂದು ಒಪ್ಪಿಕೊಂಡರೂ ನಂಬುವವರಿಲ್ಲದ ಗಂಡ ಆ ಊರಿನಲ್ಲಿ ಅವನೊಬ್ಬನೇ ಇರಬೇಕು.

"ರೇಡಿಯೊಗಳನ್ನ ಹುಷಾರಾಗಿ ಎತ್ತಿಡಿ," ಎಂದಳು ಫುಮಿಯೆ. "ಶೆಡ್ಡು ಸೋರುತ್ತೆ."

ಸೋಮವಾರ ಇಸಾಮು ಹಾಸಿಗೆಯೊಂದಿಗೆ ಬಂದ. ಮೈಕು ಬಂತು. ಪೆಟ್ಟಿಗೆ ಬಂತು. ಊಟಕ್ಕೆ ಮುಂಚೆಯೇ ಮಹಡಿಯಿಂದ ಬಂದರಿನ ವಿರಹ ಇಳಿದು ಬರತೊಡಗಿತು. ಕುನಿಯೊ ಮೆಟ್ಟಿಲೇರಿ, ಈವರೆಗೆ ತನ್ನದಾಗಿದ್ದ ಬಾಗಿಲನ್ನು ತಟ್ಟಿ, ಅಪ್ಪಣೆ ಪಡೆದು ಒಳಗೆ ಹೋದ.

"ಭಾವ, ಹಾಡೋದಿಲ್ಲ ಅಂದಿದ್ದೆಯಲ್ಲ?"

"ನಾನಾ? ಯಾವಾಗ?"

"ಔತಣದ ದಿನ. ಹಿಮ ಎತ್ತೋದು ನೀನೇ ಅಂದೆ. ಚೆರ್ರಿ ಹೂ ಬಿಡೋ ಹೊತ್ತಿಗೆ ಖಾಲಿ ಮಾಡ್ತೀನಿ ಅಂದೆ. ಆಣೆ ಇಟ್ಟೆ."

ಇಸಾಮು ಹಣೆ ಹಣೆ ಬಡಿದುಕೊಂಡ. "ಅಯ್ಯಯ್ಯೋ! ಅವತ್ತು ದೊಡ್ಡ ಬಾಟ್ಲಿ ಪೂರ್ತಿ ಇಳಿಸಿದ್ನಲ್ಲ ಭಾವ! ಏನೇನು ಒದರಿದೆನೋ, ಒಂದೂ ನೆನಪಿಲ್ಲ. ಮನಸ್ಸಿಗೆ ಹಚ್ಕೋಬೇಡ. ಸಾಕೆ ಆಡಿದ ಮಾತು!"

ಇದಕ್ಕಿಂತ ಮುಂದೆ ಕೇಳುವುದು ಅಸಭ್ಯತೆ. ಕುನಿಯೊ ಸಭ್ಯ. ಚಾಪೆಯ ಮೇಲೆ ಕುಸಿದು ಕುಳಿತ ಅವನಿಗೆ ಇಸಾಮು ಕಪ್ಪು ಡಬ್ಬಿ ತೆರೆದು, ಅಕ್ಕರೆಯಿಂದ ಲೋಟ ತುಂಬಿಸಿ ಕೊಟ್ಟ.

"ತಗೋ ಭಾವ. ಮುಖ ಬಾಡಿ ಹೋಗಿದೆ ನಿಂದು."

ಒಂದು ಗುಟುಕು ಇಳಿಯುವಷ್ಟರಲ್ಲಿ ಕೆಳಗಿನಿಂದ ಫುಮಿಯೆಯ ದನಿ ಕೇಳಿಸಿತು: "ರೀ! ಕುಡಿದಾದ್ಮೇಲೆ ಪಾತ್ರೆ ತೊಳೆಯೋಕೆ ಬನ್ನಿ. ಅವತ್ತು ಏಳನೇ ಡಬ್ಬೀಲಿ ಮಾತು ಕೊಟ್ಟಿದ್ದೀರಿ!"

ಕುನಿಯೊ ಕೊನೆಯ ಆಸೆಯಿಂದ ಹೆಬ್ಬೆರಳನ್ನು ಅಲುಗಾಡಿಸಿ ನೋಡಿದ. ಅದು ಒಂದಿಷ್ಟೂ ನೋಯಲಿಲ್ಲ.